ಕಿಬ್ಬನಹಳ್ಳಿಯಲ್ಲಿ ಇಳಿಯದ ರೂಪಾಯಿ

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರ ಬಲಗಿವಿಗೆ ಯಾವಾಗಲೂ ತೆಂಗಿನ ನಾರಿನ ಪುಡಿ ಅಂಟಿರುತ್ತಿತ್ತು. ಅಟ್ಟದಲ್ಲಿ ಒಣಗಲು ಹಾಕಿದ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವುದು ಅವರ ನಿತ್ಯದ ಅಭ್ಯಾಸ. ಗುಳುಗುಳು ಎಂದರೆ ಒಳಗಿನ್ನೂ ನೀರಿದೆ; ಕೊಬ್ಬರಿ ಲೊಟಲೊಟ ಎಂದಾಗಲೇ ಇಳಿಸಬೇಕು. ಮನುಷ್ಯರ ಮಾತನ್ನೂ ಹಾಗೆಯೇ ಕೇಳುತ್ತಿದ್ದರು. ಬಹಳಷ್ಟು ಜನರಲ್ಲಿ ಅವರಿಗೆ ನೀರೇ ಕೇಳಿಸುತ್ತಿತ್ತು.

ಕೊರೊನಾ ಮುಗಿದ ಮೇಲೆ ದೇಶವನ್ನು ಎತ್ತಿ ನಿಲ್ಲಿಸಲು ರಸ್ತೆ, ಸೇತುವೆಗಳಿಗೆ ಹಣ ಸುರಿಯುವ ಸರ್ಕಾರಿ ಯೋಜನೆ ಬಂತು. ತಿಪಟೂರಿನ ಸಭೆಯೊಂದಕ್ಕೆ ಬೆಂಗಳೂರಿನಿಂದ ಬಂದ ಪಂಡಿತನೊಬ್ಬ, ಸರ್ಕಾರ ಖರ್ಚು ಮಾಡಿದ ಒಂದು ರೂಪಾಯಿ ಕೈಯಿಂದ ಕೈಗೆ ದಾಟಿ ಹಲವು ರೂಪಾಯಿ ಆಗುತ್ತದೆಂದು ಪರದೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ. ಮೇಷ್ಟ್ರು ಎದ್ದರು.

"ಅಲ್ಲಪ್ಪ, ಆ ರೂಪಾಯಿ ಕಿಬ್ಬನಹಳ್ಳೀಲಿ ಬಸ್ಸಿಳೀತದೋ, ಸೀದಾ ಹೋಗ್ಬುಡ್ತದೋ?"

ಒಟ್ಟಾರೆ ಬೆಳವಣಿಗೆ ನೋಡಬೇಕು ಸಾರ್ ಎಂದು ಪಂಡಿತ ನಕ್ಕ. ಒಟ್ಟಾರೆಯಂತೆ. ಆ ಒಟ್ಟಾರೆಯಲ್ಲಿ ಯಾರು ವಾಸ ಮಾಡುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಗ ನಾನೂ ಆ ಬಾಣಗಳನ್ನು ನಂಬಿದ್ದೆ. ಯೋಜನೆಯ ರಸ್ತೆ ನಮ್ಮೂರ ಮೇಲೇ ಹೋಗುತ್ತದೆ, ಕೆಲಸದವರೆಲ್ಲ ಕಿಬ್ಬನಹಳ್ಳಿಯ ನನ್ನ ಮೆಸ್ಸಿನಲ್ಲೇ ಉಣ್ಣುತ್ತಾರೆ, ಅದನ್ನು ದೊಡ್ಡದು ಮಾಡೋಣ ಎಂದು ಅಟ್ಟದ ಕಾಯನ್ನೆಲ್ಲ ಒಣಗುವ ಮೊದಲೇ ಮಾರಲು ಇಳಿಸುತ್ತಿದ್ದೆ. ಮೇಷ್ಟ್ರು ಬಂದವರೇ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದರು.

"ನೀರೈತೆ ಕಣಮ್ಮ, ಮ್ಯಾಲಕ್ಕೆ ಹಾಕು. ಕಂಟ್ರಾಕ್ಟರು ಅಡಿಗೆಯವನ್ನ ಜೊತೇಲೇ ಕರ್ಕೊಂಡು ಬತ್ತಾನೋ ಏನೋ, ಮೊದ್ಲು ನೋಡು."

"ಸಭೇಲಿ ಅಷ್ಟೆಲ್ಲಾ ತೋರಿಸಿದ್ರಲ್ಲ ಸಾರ್?"

"ಅಲ್ಲೂ ನೀರೇ ಇದ್ದಿದ್ದು."

ಕಂಟ್ರಾಕ್ಟರು ಅಡಿಗೆಯವನನ್ನೂ ತಂದ, ಅಕ್ಕಿ ಬೇಳೆಯನ್ನೂ ತಂದ. ಯಂತ್ರ, ಕೂಲಿ ಎಲ್ಲ ಹೊರಗಿನವು. ಹಣವೂ ಬಂದ ದಾರಿಯಲ್ಲೇ ಹೊರಗೆ ಹೋಯಿತು. ನಮ್ಮ ಪಾಲಿಗೆ ಧೂಳು ಉಳಿಯಿತು. ದೇಶ ಚೇತರಿಸಿಕೊಂಡಿತೆಂದು ಟಿವಿಯಲ್ಲಿ ಹೇಳಿದಾಗ ಮೇಷ್ಟ್ರು ಅಲ್ಲಗಳೆಯಲಿಲ್ಲ. "ದಿಟವೇ ಕಣಮ್ಮ, ದೇಶ ಎದ್ದೈತೆ. ನಮ್ಮನ್ನ ಎಬ್ಬಿಸ್ದೇನೇ ಎದ್ದೋಗೈತೆ," ಎಂದರು. ಅಷ್ಟರಲ್ಲಿ ನನ್ನ ಅಟ್ಟದ ಕಾಯಿ ಒಣಗಿ ಒಳ್ಳೆಯ ಕೊಬ್ಬರಿಯಾಗಿತ್ತು. ಅದನ್ನು ಮಾರಿದ ದುಡ್ಡಿನಿಂದ ಮೆಸ್ಸು ಮುಚ್ಚಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಕಿಬ್ಬನಹಳ್ಳಿಯ ಶ್ರದ್ಧಾಂಜಲಿ ಸಭೆಗೆ ಅದೇ ಪಂಡಿತ ಬಂದಿದ್ದ. ಯೋಜನೆಯ ಫಲ ಹಳ್ಳಿಹಳ್ಳಿಗೂ ಮುಟ್ಟಿದ್ದನ್ನು ಅವರು ಕಣ್ಣಾರೆ ಕಂಡು ಹೋದರು ಎಂದ, ನಾಚಿಕೆಯಿಲ್ಲದೆ. ಸಭೆ ಮುಗಿಯುವ ಹೊತ್ತಿಗೆ ಊಟ ತುಮಕೂರಿನಿಂದ ಟೆಂಪೋದಲ್ಲಿ ಬಂದು ನನ್ನ ಮೆಸ್ಸಿನ ಎದುರಿಗೇ ಇಳಿಯಿತು.

ನಾನು ಅಲ್ಲಿ ಉಣ್ಣಲಿಲ್ಲ. ರಸ್ತೆ ದಾಟಿ ಬಂದು ನನ್ನ ಒಲೆ ಹಚ್ಚಿದೆ. ಅದು ಇನ್ನೂ ಉರಿಯುತ್ತಿರುವುದು ಮೇಷ್ಟ್ರು ಅಟ್ಟಕ್ಕೆ ವಾಪಸು ಹಾಕಿಸಿದ ಕಾಯಿಯಿಂದ.