ಹೂಂ ಅನ್ನುವ ಪುಟ

ನನಗೆ ತಾಳ್ಮೆ ಕಡಿಮೆ. ಬನಹಟ್ಟಿಯ ನಮ್ಮ ಮನೆಯಲ್ಲೇ ಕುಳಿತು ಅಂಗಡಿಯವರಿಗೆ ವೆಬ್ ಪುಟ ಮಾಡಿಕೊಡುವವಳು ನಾನು. ಕಂಪ್ಯೂಟರಿನ ಮುಂದೆ ದಿನವೆಲ್ಲ ಕೂರಬಲ್ಲೆ, ಮನುಷ್ಯರ ಮುಂದೆ ಸ್ವಲ್ಪ ಹೊತ್ತೂ ಕಷ್ಟ. ನನ್ನ ಅತ್ತೆ ಇದಕ್ಕೆ ತದ್ವಿರುದ್ಧ. ಸೀರೆಯ ದಡಿಗೆ, ಅಂದರೆ ಅಂಚಿಗೆ, ಡಿಸೈನ್ ಬರೆಯುವುದು ಅವರ ಕೆಲಸ. ಗ್ರಾಫ್ ಹಾಳೆಯ ಒಂದೊಂದೇ ಚೌಕ ತುಂಬುತ್ತಾ ಸಂಜೆಯವರೆಗೂ ಮಾತಾಡಬಲ್ಲರು.

ಇಷ್ಟು ವರ್ಷ ಅವರು ಬರೆದದ್ದೆಲ್ಲ ಹಳೆಯ ಸೀರೆ ನೋಡಿ ತೆಗೆದ ನಕಲು. ಕಳೆದ ವರ್ಷ ಮೊದಲ ಸಲ ತಮ್ಮದೇ ಒಂದು ದಡಿಯ ಚಿತ್ರ ಬರೆದರು, ಕಬ್ಬಿನ ಹೂವಿನದು. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ನೂಲು, ಏರಿಸುವ ಮೊದಲು ಗ್ರಾಫ್ ಕೊಟ್ಟರೆ ನೇಯಿಸಿ ನೋಡುವುದಾಗಿ ರಬಕವಿಯ ಮಗ್ಗದ ಮಾಲೀಕರೊಬ್ಬರು ಹೇಳಿದರು. ಆದರೆ ಈ ಹೂವಿಗೆ ಬೇಕಾದಷ್ಟು ಸಣ್ಣ ಚೌಕ ತುಂಬಲು ಅತ್ತೆಯ ಕಣ್ಣು ಈಗ ಒಪ್ಪುವುದಿಲ್ಲ. ಅದಕ್ಕೆ ನಾನೇ ಒಂದು ಪುಟ ಮಾಡಿದೆ. ಚಿತ್ರದ ಫೋಟೊ ಹಾಕಿದರೆ ಅದೇ ಚೌಕ ತುಂಬಿಕೊಡಬೇಕು.

ತುಂಬುತ್ತಿತ್ತು, ನಿಜ. ಆದರೆ ಮುಗಿಯುವವರೆಗೆ ಪುಟ ಕಲ್ಲಾಗಿಬಿಡುತ್ತಿತ್ತು. ಒತ್ತಿದರೆ ಇಲ್ಲ, ಸರಿಸಿದರೆ ಇಲ್ಲ. ಕೆಲಸ ನಡೆದಿದೆ ಎಂದು ತೋರಿಸಲು ನಾನಿಟ್ಟ ತಿರುಗುವ ಚಕ್ರವೂ ನಿಂತೇಹೋಗುತ್ತಿತ್ತು. ಅತ್ತೆ ಮತ್ತೆ ಮತ್ತೆ ಒತ್ತಿ, ಕೊನೆಗೆ ಪುಟವನ್ನೇ ಮುಚ್ಚುತ್ತಿದ್ದರು. ಅಲ್ಲಿಯವರೆಗಿನ ಕೆಲಸ ನೀರುಪಾಲು.

“ಸತ್ತೈತಿ ತಗಿ ಇದು. ಇನ್ನ ಆ ದಡಿ ಆದಂಗ ಆತು,” ಎಂದರು.

“ಸತ್ತಿಲ್ರೀ ಅತ್ತಿ, ಕೆಲಸ ಮಾಡಾಕತ್ತೈತಿ. ಚೂರು ಸುಮ್ಮನ ಕುಂದ್ರಾಕ ಆಗಂಗಿಲ್ಲೇನ್ರಿ?” ಎಂದು ಸಿಡುಕಿದೆ.

ಅವರು ಮುಖ ಊದಿಸಿಕೊಂಡು ಶೇಂಗಾ ಸುಲಿಯಲು ಕೂತರು. ಎಷ್ಟು ಹೊತ್ತು ಸುಮ್ಮನಿದ್ದಾರು? ಚಿಮ್ಮಡದ ಬೀಗರ ಮನೆಯ ಜಗಳದ ಕಥೆ ಶುರುವಾಯಿತು. ನಾನು ಪುಟದ ಯೋಚನೆಯಲ್ಲೇ ಇದ್ದೆ. ಮಾತು ನಡುವೆಯೇ ನಿಂತಿತು.

“ಹೂಂ ಅನ್ನ, ಯವ್ವಾ! ಗ್ವಾಡಿಗೆ ಹೇಳಾಕತ್ತೇನೇನ ನಾ?”

“ಕೇಳಾಕತ್ತೇನ್ರಿ.”

“ಕೇಳಾಕತ್ತಿ ಅಂತ ನನಗ ಹೆಂಗ ಗೊತ್ತಾಗಬೇಕು?”

ನಮ್ಮ ಕಡೆ ಕಥೆ ಕೇಳುವವರು ನಡುನಡುವೆ ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ನನ್ನ ಪುಟ ಹೂಂ ಅನ್ನುತ್ತಿರಲಿಲ್ಲ, ಅಷ್ಟೇ. ಇಡೀ ಕೆಲಸವನ್ನು ಒಂದೇ ಉಸಿರಿನಲ್ಲಿ ಮಾಡಹಚ್ಚಿದರೆ ಪಾಪ, ಅದಾದರೂ ಹೇಗೆ ಮಾತಾಡೀತು? ಅಂದೇ ಕೆಲಸವನ್ನು ತುಂಡು ಮಾಡಿದೆ. ಒಂದು ಸಾಲು ಚೌಕ ತುಂಬು, ನಿಲ್ಲು, ಯಾರಾದರೂ ಏನಾದರೂ ಒತ್ತಿದ್ದಾರೋ ನೋಡು, ಆಮೇಲೆ ಮುಂದಿನ ಸಾಲು. ಒಟ್ಟಿನಲ್ಲಿ ಮೊದಲಿಗಿಂತ ತುಸು ತಡವಾಗುತ್ತದೆ, ಆಗಲಿ. ಪ್ರತಿ ಸಾಲಿಗೂ ಪರದೆಯ ಮೇಲೆ ‘ಹೂಂ’ ಎಂದು ಮೂಡುವಂತೆ ಮಾಡಿದೆ. ಅದನ್ನು ನೋಡಿ ಅತ್ತೆ ಶೇಂಗಾ ಬಿಟ್ಟು ನಕ್ಕರು.

ಅರ್ಧ ಚಿತ್ರ ಮೂಡುವಷ್ಟರಲ್ಲಿ ಅವರು ‘ನಿಲ್ಲಿಸು’ ಒತ್ತಿದರು. ಪುಟ ತಕ್ಷಣ ನಿಂತಿತು. ಹೂವಿನ ಒಂದು ಎಳೆ ದಪ್ಪ ಕಂಡಿತಂತೆ. ಚಿತ್ರ ತಿದ್ದಿ, ಹೊಸ ಫೋಟೊ ಹಾಕಿ ಮತ್ತೆ ಓಡಿಸಿದರು, ಕೊನೆಯ ಸಾಲಿನವರೆಗೂ ಎದ್ದುಹೋಗಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹಾಸು ಏರುವ ಮೊದಲೇ ಇಬ್ಬರೂ ಮುದ್ರಿಸಿದ ಗ್ರಾಫ್ ಹಿಡಿದು ರಬಕವಿಗೆ ಹೋದೆವು. ಮಾಲೀಕರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಛಲೋ ಐತ್ರಿ. ಯಾವ ಹಳೇ ಸೀರಿ ನೋಡಿ ತಗದೀರಿ?”

ಅತ್ತೆ ಸೆರಗು ಸರಿಮಾಡಿಕೊಂಡರು.

“ಯಾವ ಸೀರೀದೂ ಅಲ್ರಿ. ನಂದು.”