ಭಾವನ ಮುಂಚಕ್ರ

ಮೆಟ್ಟೂರಿನ ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಅಲ್ಲಿದ್ದ ಬಿಳಿಯ ಇಂಜಿನಿಯರುಗಳು ಒಬ್ಬೊಬ್ಬರಾಗಿ ಊರು ಬಿಟ್ಟರು. ಹೋಗುವಾಗ ಮಂಚ, ಮೇಜು, ಸಾಕಿದ ಕೋಳಿ, ಮೋಟಾರ್ ಸೈಕಲ್ ಎಲ್ಲವನ್ನೂ ಸಿಕ್ಕವರಿಗೆ ಮಾರಿದರು. ಹಾಗೆ ನಮ್ಮ ಕಡೆಗೆ ಎರಡು ಮೋಟಾರ್ ಸೈಕಲ್ ಬಂದವು. ಮೊದಲು ಬಂದದ್ದು ನನಗೆ. ಆಮೇಲೆ ಬಂದದ್ದು ಎಡಪ್ಪಾಡಿಯಲ್ಲಿದ್ದ ನನ್ನ ಅಕ್ಕನ ಗಂಡನಿಗೆ.

ನಾನು ಅಣೆಕಟ್ಟಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಬೋಲ್ಟು ತಿರುಗುವ ಸದ್ದಿನಲ್ಲೇ ಅದರ ಹಲ್ಲು ಸವೆದಿದೆಯೋ ಇಲ್ಲವೋ ಹೇಳುತ್ತಿದ್ದೆ. ಭಾವ ಮಗ್ಗ ಇಟ್ಟುಕೊಂಡು ಸೀರೆ, ಪಂಚೆ ನೇಯಿಸುತ್ತಿದ್ದವನು. ಸ್ಪ್ಯಾನರನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ಅವನಿಗೆ ತಿಳಿಯದು. ನಾನು ಅವಸರ ಮಾಡಿ ಹಳೆಯ ಗಾಡಿಯೊಂದನ್ನು ಕೊಂಡೆ. ವಾರ ಕಳೆಯುವುದರೊಳಗೆ ಇನ್ನೊಬ್ಬ ಇಂಜಿನಿಯರು ತನ್ನದನ್ನೂ ಮಾರುತ್ತಾನೆಂದು ಸುದ್ದಿ ಬಂತು. ಅದೇ ಕಂಪನಿಯ, ಮೂರು ನಾಲ್ಕು ವರ್ಷ ಈಚಿನ ಗಾಡಿ. ಸುಮ್ಮನೆ ನೋಡಿ ಬರೋಣವೆಂದು ಭಾವನನ್ನು ಕರೆದುಕೊಂಡು ಹೋದವನು ನಾನೇ. ಅವನು ಅದರ ಸುತ್ತ ಒಂದು ಸಲ ನಡೆದು, "ಚೆನ್ನಾಗೈತಾ ಮಚ್ಚಾ?" ಎಂದು ಕೇಳಿದ. ಭಾವಮೈದುನನೆಂಬ ಸಲುಗೆಯಲ್ಲಿ ಅವನು ನನ್ನನ್ನು ಮಚ್ಚಾ ಎಂದೇ ಕರೆಯುತ್ತಿದ್ದ. ಚೆನ್ನಾಗಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. "ಐತೆ ಬಾವ" ಎಂದೆ. ಅಲ್ಲೇ ಕೊಂಡುಬಿಟ್ಟ.

ಎರಡೂ ಗಾಡಿಗಳ ಇಂಜಿನ್ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಮುಂಭಾಗದಲ್ಲಿ. ನನ್ನದರಲ್ಲಿ ಮುಂಚಕ್ರ ಹಿಡಿದಿರುವ ಫೋರ್ಕಿನ ಪಿನ್ನುಗಳು ಸವೆದು ತೂತುಗಳು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಸ್ಪ್ರಿಂಗು ಮುದಿ ಎತ್ತಿನಂತೆ ಕುಗ್ಗಿ ಕೂತಿತ್ತು. ಚಕ್ರದ ಬ್ರೇಕ್ ಡ್ರಮ್ ಅಂಗೈಯಷ್ಟೇ ಅಗಲ. ಭಾವನದರಲ್ಲಿ ದಪ್ಪ ಸ್ಪ್ರಿಂಗು, ಕುಲುಕು ಹೆಚ್ಚಾದರೆ ಕೈಯಲ್ಲೇ ತಿರುಗಿಸಿ ಬಿಗಿ ಮಾಡುವ ಗುಂಡಿ, ಊಟದ ತಟ್ಟೆಯಷ್ಟು ದೊಡ್ಡ ಡ್ರಮ್. ನನ್ನ ಗಾಡಿಯಲ್ಲಿ ನಮ್ಮೂರು ನಂಗವಳ್ಳಿಯಿಂದ ಮೆಟ್ಟೂರಿಗೆ ಹೋಗಿ ಬಂದರೆ ಮೊಣಕೈವರೆಗೂ ನೋವು ಏರುತ್ತಿತ್ತು. ಭಾವ ಎಡಪ್ಪಾಡಿಯಿಂದ ಬಂದಿಳಿದರೆ ಹೆಗಲ ಮೇಲಿನ ಟವೆಲ್ಲು ಹಾಕಿದ ಹಾಗೇ ಇರುತ್ತಿತ್ತು. ಆ ಟವೆಲ್ಲನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ಪೊಂಗಲ್ ಕಳೆದ ಮೇಲೆ ಭಾವ ಸೀರೆಯ ಗಂಟು ತೆಗೆದುಕೊಂಡು ರೈಲಿನಲ್ಲಿ ಮಧುರೆಗೆ ಹೊರಟ. ಹೋಗುವ ಮುಂಚೆ ಗಾಡಿಯನ್ನು ನಮ್ಮ ಮನೆಯಲ್ಲಿ ಬಿಟ್ಟ. "ಚೈನು, ವಾಲ್ವು ಎಲ್ಲ ನೋಡಿ ಮಡಗು ಮಚ್ಚಾ. ನಿನ್ ಕೈ ಬಿದ್ರೆ ಸಾಕು" ಎಂದ.

ನಮ್ಮ ದನದ ಕೊಟ್ಟಿಗೆಯ ಅರ್ಧಕ್ಕೆ ತಗಡು ಹೊದೆಸಿ ಕೆಲಸದ ಜಾಗ ಮಾಡಿಕೊಂಡಿದ್ದೆ. ಹೆಂಡತಿ ತವರಿಗೆ ಹೋಗಿದ್ದಳು. ಎರಡು ಗಾಡಿಗಳೂ ಅಕ್ಕಪಕ್ಕದಲ್ಲಿ ನಿಂತಿದ್ದವು. ಚೈನು, ವಾಲ್ವು ಎಲ್ಲ ಮಧ್ಯಾಹ್ನದೊಳಗೆ ಮುಗಿಯಿತು. ಊಟ ಮಾಡಿ ಬಂದು ಎರಡನ್ನೂ ನೋಡುತ್ತ ಕೂತೆ. ಒಂದು ಸಲ ಹಾಕಿ ನೋಡೋಣ, ಓಡಿಸಿ ನೋಡಿ ಮತ್ತೆ ಬಿಚ್ಚಿಬಿಡೋಣ ಎಂದುಕೊಂಡೆ. ಆ ಮಾತನ್ನು ನಾನೇ ನಂಬಿದೆನೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಇಂಜಿನ್ನುಗಳ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂಭಾಗ ಎತ್ತಿ ನಿಲ್ಲಿಸಿದೆ. ಬ್ರೇಕ್ ತಂತಿ ಕಳಚಿ, ಆಕ್ಸಲ್ ಹೊಡೆದು, ಚಕ್ರ ತೆಗೆದೆ. ಹ್ಯಾಂಡಲ್ ಬಿಚ್ಚಿ, ಮೇಲಿನ ನಟ್ಟು ಸಡಿಲಿಸಿ ಫೋರ್ಕನ್ನು ಕೆಳಕ್ಕೆ ಇಳಿಸುವಾಗ ಬೇರಿಂಗಿನ ಗುಂಡುಗಳು ಉದುರುತ್ತವೆ; ಅದಕ್ಕೆ ಕೆಳಗೆ ಹಳೆಯ ಪಂಚೆ ಹಾಸಿದ್ದೆ. ಒಂದೇ ಕಂಪನಿಯ ಗಾಡಿಗಳಾದ್ದರಿಂದ ಅದರದು ಇದಕ್ಕೆ, ಇದರದು ಅದಕ್ಕೆ ಒಂದು ಕೂದಲೆಳೆಯ ತಕರಾರಿಲ್ಲದೆ ಕೂತವು. ಬಣ್ಣವೂ ಒಂದೇ ಕಪ್ಪು. ಸಂಜೆಗೆ ಭಾವನ ಫೋರ್ಕು, ಭಾವನ ಚಕ್ರ ನನ್ನ ಗಾಡಿಯಲ್ಲಿದ್ದವು.

ಮಾರನೆಯ ಬೆಳಿಗ್ಗೆ ಮೆಟ್ಟೂರು ರಸ್ತೆಯಲ್ಲಿ ಓಡಿಸಿದೆ. ಇಷ್ಟು ದಿನ ನನ್ನ ಮೂಳೆಗೆ ಬಡಿಯುತ್ತಿದ್ದ ಕಲ್ಲುಗಳೆಲ್ಲ ಎಲ್ಲಿ ಹೋದವೋ. ದಾರಿಯಲ್ಲಿ ಇಬ್ಬರು ಪರಿಚಯದವರು ಕೈ ಎತ್ತಿದರು. ನಾನೂ ಒಂದು ಕೈ ಬಿಟ್ಟು ಎತ್ತಿದೆ. ಮೊದಲಾಗಿದ್ದರೆ ಆ ಧೈರ್ಯ ಇರಲಿಲ್ಲ. ಹಿಂದಿರುಗಿ ಬಂದವನು ಬಿಚ್ಚಲಿಲ್ಲ. ಅದರ ಬದಲು ಭಾವನ ಗಾಡಿಗೆ ಹಾಕಿದ್ದ ನನ್ನ ಹಳೆಯ ಫೋರ್ಕಿನ ಸವೆದ ತೂತುಗಳಿಗೆಲ್ಲ ಗಟ್ಟಿ ಗ್ರೀಸು ತುಂಬಿದೆ. ಹಾಗೆ ಮಾಡಿದರೆ ಅಲ್ಲಾಟ ಕೆಲವು ದಿನ ಕೈಗೆ ತಿಳಿಯುವುದಿಲ್ಲ. ಫಿಟ್ಟರಾದವನು ಮಾಡಬಾರದ ಕೆಲಸ ಅದು.

ಭಾವ ಮಧುರೆಯಿಂದ ಬಂದು ಗಾಡಿ ಹತ್ತಿ, ಬೀದಿಯ ಕೊನೆವರೆಗೆ ಹೋಗಿ ತಿರುಗಿ ಬಂದ.

"ಏನ್ ಮಾಡ್ದೆ ಮಚ್ಚಾ? ವಂಡಿ ಒಸದಾಗೋಯ್ತು" ಎಂದ. ಮುಖದಲ್ಲಿ ಸುಳ್ಳಿರಲಿಲ್ಲ. ಮುಂದಿನ ವಾರ ನನಗೆ ಕೆಂಪಂಚಿನ ಪಂಚೆಯೊಂದನ್ನು ನೇಯಿಸಿ ತಂದ. ಎಡಪ್ಪಾಡಿಯ ಸಂತೆಯಲ್ಲೆಲ್ಲ ನನ್ನ ಕೈಗುಣ ಹೊಗಳುತ್ತಿದ್ದನಂತೆ.

ಒಳ್ಳೆಯ ಚಕ್ರ ನನ್ನ ಹತ್ತಿರ ಇತ್ತು, ಆದರೂ ಹೊಟ್ಟೆಕಿಚ್ಚು ಇಳಿಯಲಿಲ್ಲ. ಇನ್ನೂ ಹೆಚ್ಚಾಯಿತು. ನಾನು ಬೇಡವೆಂದು ಬಿಸಾಡಿದ ಫೋರ್ಕಿನ ಮೇಲೆ ಕೂತು ಅವನು ಸುಖವಾಗಿದ್ದ. ಅವನ ಟವೆಲ್ಲು ಈಗಲೂ ಹೆಗಲಿನಿಂದ ಜಾರುತ್ತಿರಲಿಲ್ಲ.

ಅಕ್ಕ ಭಾವನ ಹಿಂದೆ ಕೂತು ಓಡಾಡುತ್ತಿದ್ದಳು. ಆ ಕಾಲಕ್ಕೆ ಅದೊಂದು ಮಾತಾಗಿತ್ತು, ಅವಳು ಲೆಕ್ಕಿಸುತ್ತಿರಲಿಲ್ಲ. ಒಂದು ದಿನ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಭಾವ ಜಗಲಿಯಲ್ಲಿ ಮಲಗಿದ್ದ. ಅಕ್ಕ ಮಜ್ಜಿಗೆಯ ಲೋಟ ಹಿಡಿದು ಕೊಟ್ಟಿಗೆಗೆ ಬಂದವಳು ನನ್ನ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಡ್ರಮ್ಮನ್ನು ಸೆರಗಿನಲ್ಲಿ ಒರೆಸಿದಳು.

"ಇದು ನಮ್ದು" ಎಂದಳು.

ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸತೊಡಗಿದೆ.

"ಸುಕ್ರವಾರ ಸುಕ್ರವಾರ ಒರ್ಸಿ ಬೊಟ್ಟಿಡೋಳು ನಾನು. ಮಧುರೆಯಿಂದ ಬಂದ್ಮೇಲೆ ನೋಡ್ತೀನಿ, ಬೊಟ್ಟಿಡೋ ಜಾಗ ಸಣ್ಣದಾಗೋಗೈತೆ."

"ಬಾವನ್ಗೆ ಏಳಿದ್ಯಾ?"

"ಇಲ್ಲ. ಏಳಿದ್ರೆ ನಗ್ತಾರೆ, ಅವನೇ ಮಡೀಕಳ್ಳಿ ಬುಡು ಅಂತಾರೆ. ನೀನು ಅದನ್ನ ತಾಳಲ್ಲ, ನಂಗೊತ್ತು." ಲೋಟವನ್ನು ನನ್ನ ಕೈಗೆ ಕೊಟ್ಟಳು. "ಬರೋ ಸುಕ್ರವಾರ ಹರೂರಿಗೆ ಓಗ್ತೀವಿ, ನಾದಿನಿ ಮನೇಲಿ ಮದ್ವೆ ಒಪ್ಪಂದ. ನೀನಾಗಿ ಮಾಡಿದ್ದು, ನೀನಾಗೇ ಸರಿ ಮಾಡು. ಮಾಡ್ನಿಲ್ಲ ಅಂದ್ರೆ ಅದ್ರ ಮೇಲೇ ಕೂತ್ಕೊಂಡು ಓಗ್ತೀನಿ."

ಅಕ್ಕ ಬೈದಿದ್ದರೆ ಅಂದೇ ಬಿಚ್ಚುತ್ತಿದ್ದೆನೇನೋ. ನೀನು ತಾಳಲ್ಲ ಎಂದು ನನ್ನ ಒಳಗನ್ನು ಬಗೆದು ತೋರಿಸಿದ್ದು ಸಹಿಸಲಾಗಲಿಲ್ಲ. ಗುರುವಾರದವರೆಗೂ ಹಠ ಹಿಡಿದು ಕೂತೆ. ಭಾವ ನಿಧಾನವಾಗಿ ಓಡಿಸುವವನು, ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಮಂಜವಾಡಿ ಕಣಿವೆಯ ಇಳಿಜಾರು ನೆನಪಾಯಿತು. ತುಂಬಿದ್ದ ಗ್ರೀಸು ಇಷ್ಟು ಹೊತ್ತಿಗೆ ಕರಗಿ ಹೋಗಿರುತ್ತದೆ. ಹಿಂದೆ ಒಬ್ಬರು ಕೂತು, ಇಳಿಜಾರು ಸಿಕ್ಕಿದರೆ ಆ ಫೋರ್ಕು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಜಾಡಿಸುತ್ತದೆ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಾಯಿ ಮುಕ್ಕಳಿಸಿ ಗಾಡಿ ಹತ್ತಿದೆ.

ಎಡಪ್ಪಾಡಿಗೆ ಹೋದರೆ ಅವರು ಆಗಲೇ ಹೊರಟಿದ್ದರು. ಸೇಲಂ ದಾಟಿ, ಕಣಿವೆ ಏರಿ, ಹರೂರಿನ ಕಡೆ ಇಳಿಯುವಾಗ ಎರಡನೆಯ ತಿರುವಿನಲ್ಲಿ ಅವರನ್ನು ಕಂಡೆ. ಗಾಡಿ ರಸ್ತೆ ಬದಿಯ ಮರಳಿನಲ್ಲಿ ಮಗ್ಗುಲಾಗಿ ಬಿದ್ದಿತ್ತು. ಭಾವ ಕಲ್ಲಿನ ಮೇಲೆ ಕೂತು ಪಾದ ನೀವಿಕೊಳ್ಳುತ್ತಿದ್ದ. ಅಕ್ಕನ ಮೊಣಕೈ ತರಚಿ ರೇಷ್ಮೆ ಸೀರೆಗೆ ರಕ್ತ ಹತ್ತಿತ್ತು. ಅವಳು ನನ್ನನ್ನು ನೋಡಿ ಮುಖ ತಿರುಗಿಸಿದಳು.

"ಬಾ ಮಚ್ಚಾ, ದೇವ್ರು ಕಳ್ಸಿದಂಗೆ ಬಂದೆ" ಎಂದು ಭಾವ ನಕ್ಕ. "ರೋಡು ಸರಿಯಿಲ್ಲ. ಕೈ ಎಲ್ಲ ನಡುಗೋಯ್ತು. ಪರವಾಯಿಲ್ಲೆ, ಮೆತ್ತಗೆ ಬಿದ್ವಿ."

"ರೋಡಲ್ಲ ಬಾವ" ಎಂದೆ. "ನಾನು."

ನಿಂತುಕೊಂಡೇ ಎಲ್ಲ ಹೇಳಿದೆ. ಗ್ರೀಸು ತುಂಬಿದ್ದನ್ನೂ ಹೇಳಿದೆ. ಅವನು ನಗುತ್ತಾನೆ, ಆ ನಗುವನ್ನು ನುಂಗಿಕೊಳ್ಳಬೇಕು ಎಂದು ಸಿದ್ಧನಾಗಿದ್ದೆ. ಅವನು ನಗಲಿಲ್ಲ. ನನ್ನ ಗಾಡಿಯ ಚಕ್ರ ನೋಡಿದ, ಅಕ್ಕನ ಮೊಣಕೈ ನೋಡಿದ. ಮತ್ತೆ ಅವಳನ್ನೇ ಕೇಳಿದ.

"ನಿಂಗೊತ್ತಿತ್ತಾ?"

"ಗೊತ್ತಿತ್ತು."

"ಯಾವತ್ತಿಂದ?"

"ಮಧುರೆಯಿಂದ ಬಂದಾಗ್ನಿಂದ."

"ನಂಗ್ಯಾಕೆ ಏಳ್ನಿಲ್ಲ?"

ಅಕ್ಕ ಮೊಣಕೈಗೆ ಸೆರಗು ಒತ್ತಿಕೊಂಡು, "ಅವ್ನು ನನ್ ತಮ್ಮ" ಎಂದಳು.

ಭಾವನ ಮುಖ ಇಳಿದುಹೋಯಿತು. ಫೋರ್ಕು ಹೋದದ್ದಕ್ಕೆ, ಪಾದ ಉಳುಕಿದ್ದಕ್ಕೆ ಹಾಗೆ ಇಳಿದಿರಲಿಲ್ಲ. "ಅಂಗಾದ್ರೆ ನಾನ್ಯಾರು?" ಎಂದ, ಮೆಲ್ಲಗೆ. ಆ ಸಂಕಟದ ಗುರುತು ನನಗೆ ಚೆನ್ನಾಗಿತ್ತು. ಅಷ್ಟು ತಿಂಗಳು ನಾನು ಹೊತ್ತುಕೊಂಡು ತಿರುಗುತ್ತಿದ್ದದ್ದೇ ಅದು. ಅವನ ಕಣ್ಣಲ್ಲಿ ಅದನ್ನು ನೋಡಿ ನನಗೆ ಒಂದು ಗಳಿಗೆ ಹಿತವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಯಿತು.

ಸೇಲಂ ಕಡೆಯಿಂದ ಬಸ್ಸು ಬಂತು. ಅಕ್ಕನನ್ನು ಹತ್ತಿಸಿ ತಾನೂ ಕುಂಟುತ್ತ ಹತ್ತುವ ಮೊದಲು ಭಾವ, "ಯಾವ್ದು ಎಲ್ಲಿತ್ತೋ ಅಲ್ಲಿಗೆ ಮಡಗು" ಎಂದಷ್ಟೇ ಹೇಳಿದ. ಮಚ್ಚಾ ಎನ್ನಲಿಲ್ಲ.

ಬಿದ್ದ ಗಾಡಿಯನ್ನು ಎತ್ತಿನ ಗಾಡಿಗೆ ಹೇರಿಸಿ ನಂಗವಳ್ಳಿಗೆ ತರುವುದಕ್ಕೆ ಎರಡು ದಿನ ಹಿಡಿಯಿತು. ನಾನು ಮುಂದೆ ಹೋಗಿ ಹುಣಸೆ ಮರದ ಕೆಳಗೆ ಕಾಯುವುದು, ಎತ್ತುಗಳು ಬಂದ ಮೇಲೆ ಮತ್ತೆ ಮುಂದೆ ಹೋಗುವುದು, ಹೀಗೇ. ಕೊಟ್ಟಿಗೆಯಲ್ಲಿ ಮತ್ತೆ ದಿಮ್ಮಿ ಕೊಟ್ಟು ಬಿಚ್ಚಲು ಕೂತಾಗ ಭಾವ ಬಂದ. ನಾನು ಹೇಳಿ ಕಳಿಸಿರಲಿಲ್ಲ. ಎದುರಿಗೆ ಕೂತು, "ಇದ್ರ ಎಸ್ರೇನು? ಅದ್ಯಾಕೆ ಮೊದ್ಲು ಬಿಚ್ತೀಯಾ?" ಎಂದು ಒಂದೊಂದು ನಟ್ಟಿಗೂ ಕೇಳಿದ. ಗುಂಡುಗಳನ್ನು ಗ್ರೀಸಿಗೆ ಅಂಟಿಸಿ ಕೂರಿಸುವುದನ್ನು ತಾನೇ ಮಾಡುತ್ತೇನೆಂದು ನನ್ನ ಕೈಯಿಂದ ತೆಗೆದುಕೊಂಡ. ಮಗ್ಗದ ಎಳೆ ಕಟ್ಟುವ ಬೆರಳುಗಳು, ಒಂದೂ ಉದುರಲಿಲ್ಲ. ಮೊದಲ ಸಲ ನಾನು ಅದೇ ಕೆಲಸ ಮಾಡಿದಾಗ ವರ್ಕ್‌ಶಾಪಿನ ನೆಲದ ತುಂಬ ಗುಂಡುಗಳು ಚೆಲ್ಲಿದ್ದವು.

ಆಮೇಲೆ ಅವನು ಗಾಡಿಯನ್ನು ನಮ್ಮ ಮನೆಯಲ್ಲಿ ಬಿಡಲಿಲ್ಲ. ಸೇಲಂನಿಂದ ಸ್ಪ್ಯಾನರುಗಳನ್ನು ತರಿಸಿಕೊಂಡು ಮಗ್ಗದ ಮನೆಯ ಪಕ್ಕದಲ್ಲೇ ಕಲಿತ. ಎರಡು ವರ್ಷದಲ್ಲಿ ಎಡಪ್ಪಾಡಿಯ ಕಡೆ ಯಾರ ಗಾಡಿ ಕೆಟ್ಟರೂ ಅವನ ಬಾಗಿಲಿಗೆ ಹೋಗುತ್ತಿತ್ತು. ಮೊದಲು ನನ್ನ ಹತ್ತಿರ ಬರುತ್ತಿದ್ದವರೂ ಹೋದರು. ಅಕ್ಕ ಬರುವುದನ್ನು ನಿಲ್ಲಿಸಲಿಲ್ಲ, ಆದರೆ ನನಗೆಂದು ಪ್ರತ್ಯೇಕವಾಗಿ ಹೇಳುವ ಮಾತು ಅವಳಲ್ಲಿ ಉಳಿಯಲಿಲ್ಲ. ಮನೆಯ ಸುದ್ದಿ ಏನಿದ್ದರೂ ಭಾವನಿಗೆ ಮೊದಲು ಹೇಳುತ್ತಿದ್ದಳು. ಅವನಿಂದ ನನಗೆ ತಿಳಿಯುತ್ತಿತ್ತು. ಅದಕ್ಕೂ ನಾನು ಕರುಬಿದೆ.

ಕಣಿವೆಯಲ್ಲಿ ಬಿದ್ದಾಗ ನನ್ನ ಫೋರ್ಕು ಸ್ವಲ್ಪ ಸೊಟ್ಟಗಾಗಿತ್ತು. ಕಾಯಿಸಿ ನೆಟ್ಟಗೆ ಮಾಡಿ ಹಾಗೇ ಓಡಿಸುತ್ತಿದ್ದೆ. ಒಂದು ದಿನ ಭಾವ ಬಟ್ಟೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದು ಕೊಟ್ಟಿಗೆಯಲ್ಲಿ ಬಿಚ್ಚಿದ. ಸೇಲಂನ ಲೇತಿನಲ್ಲಿ ಅಳತೆಗೆ ತಿರುಗಿಸಿದ, ಸವೆದ ತೂತುಗಳೊಳಗೆ ಕೂರಿಸುವ ಹಿತ್ತಾಳೆ ಬುಷ್ಷುಗಳು, ಹೊಸ ಪಿನ್ನುಗಳು.

"ಆವತ್ತು ಬಿಚ್ದಾಗ ಅಳತೆ ನೋಡ್ಕೊಂಡಿದ್ದೆ" ಎಂದ. "ನೀ ಕುಂತ್ಕೋ ಮಚ್ಚಾ, ನಾ ಆಕ್ತೀನಿ."

ಕೂತುಕೊಳ್ಳಲು ಆಗಲಿಲ್ಲ. ಹಿಂದೆ ನಿಂತು ಅವನ ಕೈಯನ್ನೇ ನೋಡಿದೆ. ಎಲ್ಲಿ ತಪ್ಪುತ್ತಾನೋ ಎಂದು ಕಾದೆ. ಬುಷ್ಷು ತಟ್ಟಿದ್ದು ಸರಿ, ಪಿನ್ನು ಕೂರಿಸಿದ್ದು ಸರಿ. ಅವನು ಕೈ ತೊಳೆಯಲು ಬಾವಿಯ ಕಡೆ ಹೋದಾಗ ಬಗ್ಗಿ ಒಂದೊಂದೇ ಮುಟ್ಟಿ ನೋಡಿದೆ. ಎಡಗಡೆಯ ಕೆಳಗಿನ ನಟ್ಟು ಇನ್ನೂ ಕಾಲು ಸುತ್ತು ಬಿಗಿಯಬೇಕಿತ್ತು. ಸ್ಪ್ಯಾನರ್ ತೆಗೆದು ಬಿಗಿದೆ. ಅವನಿಗೆ ಹೇಳಲಿಲ್ಲ. ಅವತ್ತು ರಾಗಿ ಮುದ್ದೆಯನ್ನು ಇಬ್ಬರೂ ಒಟ್ಟಿಗೆ ಕೂತು ಉಂಡೆವು. ನನಗೆ ಬಹಳ ದಿನಗಳ ಮೇಲೆ ಊಟ ರುಚಿಸಿತು.