ಸಾಕ್ಸ್ ಬಿಚ್ಚಿಸದೆ ಹಾಕಿದ ಸಹಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಎದ್ದು ಹೋಗಿದ್ದೇನೆ. ಒಮ್ಮೆ ಮೆಣಸು ಒಣಹಾಕುವ ನೆವ, ಒಮ್ಮೆ ಕನ್ನಡಕ ಸಿಗದ ನೆವ. ಈಗಲೂ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗುತ್ತಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ಶನಿವಾರಸಂತೆಯಿಂದ ಸೈನ್ಯ ಸೇರಿದವನು ನಾನು. ನರ್ಸಿಂಗ್ ಅಸಿಸ್ಟೆಂಟ್. ಹಿಮದ ಗಡಿಯಲ್ಲೊಂದು ಹಳೆಯ ಕಲ್ಲುಕೋಟೆ, ಅದರೊಳಗೆ ಆರು ಹಾಸಿಗೆಯ ಆಸ್ಪತ್ರೆ. ಗಸ್ತಿನಿಂದ ಬಂದ ಪ್ರತಿಯೊಬ್ಬನ ಬೂಟು, ಸಾಕ್ಸ್ ಬಿಚ್ಚಿಸಿ, ಕಾಲ್ಬೆರಳು ಒತ್ತಿ ನೋಡಬೇಕು. ಬೆರಳು ಬಿಳಿಚಿಕೊಂಡು, ಒತ್ತಿದ್ದು ಅವನಿಗೆ ತಿಳಿಯದಿದ್ದರೆ ಹಿಮ ಕಚ್ಚಿದೆ ಎಂದರ್ಥ. ನೋಡಿದ ಮೇಲೆ ಪುಸ್ತಕದಲ್ಲಿ ಹೆಸರಿನ ಮುಂದೆ ನನ್ನ ಸಹಿ.

ಆ ಮಧ್ಯಾಹ್ನ ಸಾಲಿನ ಕೊನೆಗೆ ನಮ್ಮ ಕೊಡಗಿನದೇ ಕಕ್ಕಬೆಯ ಸಿಪಾಯಿಯೊಬ್ಬನಿದ್ದ. ಇಡೀ ಕೋಟೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ.

"ಏನ್ ಡಾಕ್ಟ್ರೇ, ಕಾಲು ನೋಡ್ತೀರೋ, ಜಾತಕ ನೋಡ್ತೀರೋ?"

"ನಿನ್ನ ಸಾಕ್ಸ್ ವಾಸನೆಗೆ ಎರಡೂ ಬೇಡ ಮಾರಾಯ. ಕೂತ್ಕೋ. ಊರಿಂದ ಕಾಗದ ಬಂತಾ?"

ಬಂದಿತ್ತು. ಆನೆ ಬಾಳೆಗೆ ನುಗ್ಗಿದ್ದು, ಪುತ್ತರಿ ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ ಎಂದು ಹೆಂಡತಿ ಕೇಳಿದ್ದು. ನಾನು ಎರಡು ಸಲ ಓದಿಸಿದೆ. ಚಹಾ ಮುಗಿಯಿತು. ಬೂಟು ಬಿಚ್ಚಿಸದೆಯೇ ಸಹಿ ಹಾಕಿದೆ. ಅವನಿಗೆ ನೋವಿರಲಿಲ್ಲ. ನೋವಿಲ್ಲದಿರುವುದೇ ಕೆಟ್ಟ ಲಕ್ಷಣ ಎಂದು ಗೊತ್ತಿದ್ದವನು ನಾನು, ಅವನಲ್ಲ.

ಮೂರನೆಯ ದಿನ ಎಡಗಾಲಿನ ಬೆರಳುಗಳು ಕಪ್ಪಾದವು. ಹೆಲಿಕಾಪ್ಟರಿನಲ್ಲಿ ಕೆಳಗಿನ ಆಸ್ಪತ್ರೆಗೆ ಒಯ್ದು ನಾಲ್ಕನ್ನು ಕತ್ತರಿಸಿದರು. ಆಮೇಲೆ ವಿಚಾರಣೆ. ಅಧಿಕಾರಿ ಪುಸ್ತಕ ತೆರೆದು, ಅವತ್ತು ಕಾಲು ನೋಡಿದ್ದರೇ ಎಂದು ಅವನನ್ನು ಕೇಳಿದರು. ಅವನು ನನ್ನ ಕಡೆ ತಿರುಗಿ ನೋಡಿದ. ನಾನು ನೆಲ ನೋಡಿದೆ.

"ನೋಡಿದ್ರು ಸಾರ್," ಎಂದ.

ಹಾಗಾಗಿ ತಪ್ಪು ಅವನದಾಯಿತು: ಒದ್ದೆ ಸಾಕ್ಸ್ ಬದಲಾಯಿಸದ ಬೇಜವಾಬ್ದಾರಿ ಸಿಪಾಯಿ. ಸೈನ್ಯದಿಂದ ಅವನ ಮನೆಗೆ ಹೋದ ಕಾಗದದಲ್ಲೂ ಅದೇ ಇತ್ತು.

ಈಗ ತಿಂಗಳಿಗೊಮ್ಮೆ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆಗೆ ಸೇರುತ್ತೇವೆ. ಅವನ ಹೆಂಡತಿ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಾರೆ.

"ನೋಡಿ ಅಣ್ಣ, ಒಂದು ಸಾಕ್ಸ್ ಬದಲಾಯಿಸೋಕೆ ಸೋಮಾರಿತನ ಇವ್ರಿಗೆ. ನಲವತ್ತು ವರ್ಷದಿಂದ ಅನುಭವಿಸ್ತಿರೋದು ನಾನು."

"ಡಾಕ್ಟ್ರ ಮುಂದೆ ಮರ್ಯಾದೆ ತೆಗೀಬೇಡ," ಎಂದು ಅವನು ನಗುತ್ತಾನೆ. ನಾನು ಟೋಕನ್ ನೋಡುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಹೋದ ತಿಂಗಳು ಅವನ ಹೆಂಡತಿ ಔಷಧಿಯ ಸಾಲಿನಲ್ಲಿದ್ದಾಗ ಅವನ ಕೈ ಹಿಡಿದು ತಪ್ಪಾಯಿತೆಂದೆ. ಅವನು ಔಷಧಿಯ ಸಾಲಿನ ಕಡೆ ಒಮ್ಮೆ ತಿರುಗಿ ನೋಡಿದ.

"ಆಯ್ತು ಬಿಡಿ. ಅವಳಿಗೆ ಮಾತ್ರ ಹೇಳ್ಬೇಡಿ. ಇಷ್ಟು ವರ್ಷ ಸುಮ್‌ಸುಮ್ನೆ ಬೈದೆನಲ್ಲಾ ಅಂತ ಊಟ ಬಿಡ್ತಾಳೆ."

ಅಷ್ಟರಲ್ಲಿ ಅವರು ಬಂದರು. ನನ್ನ ಮಾತ್ರೆಯ ಪೊಟ್ಟಣವನ್ನೂ ತಂದಿದ್ದರು. ತೆಗೆದುಕೊಂಡೆ, ಬಸ್ಸು ಹತ್ತಿದೆ. ಅಂದಿನಿಂದ ಈ ಕಾಗದ ಬರೆಯುವುದು, ಹರಿಯುವುದು. ಅವನು ಬೇಡವೆಂದ ಮೇಲೂ ಬರೆದಿಡುತ್ತಿದ್ದೇನೆ: ನಾನು ಕ್ಷಮೆ ಕೇಳದೆ ಉಳಿದಿರುವುದು ಕಕ್ಕಬೆಯ ಆ ಸಿಪಾಯಿಯ ಹೆಂಡತಿಯಲ್ಲಿ.